ಗಾಜಿನ ಮುಂದೆ ನಾಲ್ಕು ದಿನ: ಲಂಡನ್ ಮ್ಯೂಸಿಯಂಗಳಲ್ಲಿ ಕ್ಯಾಮೆರಾ ಹಿಡಿದು

ಮೊದಲ ದಿನ, ಬುಧವಾರ: ಸೌತ್ ಕೆನ್ಸಿಂಗ್‌ಟನ್

ನವೆಂಬರ್ ನಡುವಿನ ವಾರ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಪಿಕಡಿಲಿ ಲೈನ್ ಹತ್ತಿದರೆ ನಡುವೆ ಎಲ್ಲೂ ರೈಲು ಬದಲಿಸದೆ ಸೌತ್ ಕೆನ್ಸಿಂಗ್‌ಟನ್‌ನಲ್ಲಿ ಇಳಿಯಬಹುದು. ಅಲ್ಲಿಂದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸ್ವಲ್ಪವೇ ನಡಿಗೆ. ಎಲ್ಲರೂ ಅದನ್ನು ಕರೆಯುವುದು ವಿ ಅಂಡ್ ಎ ಎಂದೇ. ಮೇಲೆ ರಸ್ತೆಯಲ್ಲಿ ಸೋನೆ ಹಿಡಿದಿತ್ತು. ಪ್ಲೇನ್ ಮರಗಳ ಅಂಗೈ ಅಗಲದ ಎಲೆಗಳು ಒದ್ದೆ ಫುಟ್‌ಪಾತಿಗೆ ಅಂಟಿಕೊಂಡು ಕಾಲು ಜಾರುತ್ತಿತ್ತು. ಸ್ಟೇಷನ್ನಿನಿಂದ ಮ್ಯೂಸಿಯಂಗಳ ಕಡೆಗೆ ನೆಲದಡಿಯಲ್ಲೇ ಕಾಲುದಾರಿ ಇದೆ. ಕ್ಯಾಮೆರಾ ಹೊತ್ತವರಿಗೆ ಅದೇ ಲೇಸು.

ಒಳಗೆ ಕಾಲಿಟ್ಟ ಕೂಡಲೇ ಕ್ಯಾಮೆರಾ ಹೊರತೆಗೆಯಬಾರದು. ಹೊರಗೆ ಏಳೆಂಟು ಡಿಗ್ರಿ ಚಳಿ, ಒಳಗೆ ಬೆಚ್ಚಗಿನ ಗಾಳಿ. ತಣ್ಣಗಿನ ಲೆನ್ಸಿನ ಮೇಲೆ ಆವಿ ಕಟ್ಟುತ್ತದೆ, ಫ್ರಿಜ್ಜಿನಿಂದ ತೆಗೆದಿಟ್ಟ ಚೊಂಬು ಬೆವರುತ್ತದಲ್ಲ, ಹಾಗೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ಲೆನ್ಸಿನ ಒಳಗಡೆ ಕಟ್ಟಿತೆಂದರೆ ಒರೆಸಲೂ ಆಗುವುದಿಲ್ಲ. ಬ್ಯಾಗಿನ ಜಿಪ್ ಎಳೆದುಕೊಂಡೇ ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಅಷ್ಟು ಹೊತ್ತು ಬರಿಗೈಯಲ್ಲಿ ಒಂದು ಸುತ್ತು ಹಾಕಿಬರುವುದು. ನಾಲ್ಕು ದಿನದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಬರಿಗೈ ಸುತ್ತೇ. ಕಿಟಕಿ ಎಲ್ಲಿದೆ, ದೀಪ ಯಾವ ಕಡೆಯಿಂದ ಬೀಳುತ್ತಿದೆ, ಎದುರಿನ ಯಾವ ವಸ್ತು ಗಾಜಿನಲ್ಲಿ ಮೂಡುತ್ತಿದೆ ಎಂದು ಮೊದಲೇ ನೋಡಿಟ್ಟುಕೊಂಡರೆ ಎಲ್ಲಿ ನಿಲ್ಲಬೇಕೆಂಬುದು ಆಮೇಲೆ ತಾನಾಗಿ ತಿಳಿಯುತ್ತದೆ. ಮ್ಯೂಸಿಯಂನಲ್ಲಿ ದೀಪ ನಮ್ಮದಲ್ಲ. ಟ್ರೈಪಾಡ್ ಇಲ್ಲ, ಫ್ಲ್ಯಾಶ್ ಇಲ್ಲ. ನಮ್ಮ ಕೈಲಿರುವುದು ನಿಲ್ಲುವ ಜಾಗ ಒಂದೇ.

ಮೊದಲು ಹೊಕ್ಕದ್ದು ಇಟಲಿಯ ಚಿತ್ರಕಾರ ರಫೇಲ್‌ನ ಕಾರ್ಟೂನ್‌ಗಳ ಸಭಾಂಗಣ. ಇಲ್ಲಿ ಕಾರ್ಟೂನ್ ಎಂದರೆ ನಗೆಚಿತ್ರವಲ್ಲ. ಗೋಡೆಗೆ ತೂಗುಹಾಕುವ ಚಿತ್ರಪರದೆಗಳನ್ನು ನೇಯುವವರಿಗೆ ಕೊಡಲು ಪೂರ್ತಿ ಅಳತೆಯಲ್ಲಿ ಬರೆದ ಮಾದರಿ. ಸಿಸ್ಟೀನ್ ಚಾಪೆಲ್‌ನ ಪರದೆಗಳಿಗಾಗಿ ಪೋಪ್ ಹತ್ತನೇ ಲಿಯೊ ಬರೆಸಿದ್ದು, ಕಾಲ 1515–16. ಹತ್ತರಲ್ಲಿ ಉಳಿದಿರುವುದು ಏಳು. ಇಂಗ್ಲೆಂಡಿನ ರಾಜಮನೆತನದ ಸ್ವತ್ತಾಗಿದ್ದು, 1865ರಿಂದ ಈ ಮ್ಯೂಸಿಯಂಗೆ ಎರವಲಾಗಿ ಬಂದಿವೆ. ಒಂದೊಂದೂ ಮೂರು ಮೀಟರಿಗಿಂತ ಎತ್ತರ, ಕೆಲವು ಐದು ಮೀಟರಿಗಿಂತ ಅಗಲ.

ಇಷ್ಟು ದೊಡ್ಡ ಚಿತ್ರದ ಮುಂದೆ ಇಷ್ಟೇ ದೊಡ್ಡ ಗಾಜು. ಅದರಲ್ಲಿ ಮೊದಲು ಮೂಡುವುದು ಫೋಟೋ ತೆಗೆಯುವವರ ಅಂಗಿ. ಬಿಳಿ ಅಥವಾ ತಿಳಿ ಬಣ್ಣದ ಜಾಕೆಟ್ ತೊಟ್ಟಿದ್ದರೆ ಚಿತ್ರದ ನಟ್ಟನಡುವೆ ಒಂದು ಮಸುಕು ಮಚ್ಚೆ ಬಂದು ಕೂರುತ್ತದೆ, ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಹೋಗುವುದಿಲ್ಲ. ಮ್ಯೂಸಿಯಂಗೆ ಹೊರಡುವ ದಿನ ಕಪ್ಪು ಅಥವಾ ಗಾಢ ನೀಲಿ ಬಟ್ಟೆ ಹಾಕಿಕೊಳ್ಳುವುದೇ ಅರ್ಧ ಕೆಲಸ. ಕ್ಯಾಮೆರಾದ ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಕಂಪನಿ ಹೆಸರಿದ್ದರೆ ಅದನ್ನೂ ಒಳಮುಖ ಮಾಡಿಕೊಳ್ಳಬೇಕು. ನೆಟ್ಟಗೆ ನಿಲ್ಲದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆದು, ಆಮೇಲೆ ಅಂಚುಗಳನ್ನು ನೇರ ಮಾಡಿಕೊಂಡರೆ ಗಾಜಿನ ಪ್ರತಿಬಿಂಬ ಬಹಳಷ್ಟು ತಪ್ಪುತ್ತದೆ.

ಪೂರ್ತಿ ಚಿತ್ರ ಪುಸ್ತಕಗಳಲ್ಲೂ ಸಿಗುತ್ತದೆ. ಇಲ್ಲಿ ನಿಂತು ತೆಗೆಯಬೇಕಾದದ್ದು ಹತ್ತಿರದ ನೋಟ. ದೂರದ್ದನ್ನು ಹತ್ತಿರ ತರುವ 85 ಅಥವಾ 100 ಮಿ.ಮೀ. ಲೆನ್ಸಿನಲ್ಲಿ ಯಾವುದಾದರೂ ಆಕೃತಿಯ ಕೈಯನ್ನೋ ಕಾಲನ್ನೋ ಹಿಡಿದರೆ ಗೆರೆಯ ಗುಂಟ ಸಾಲಾಗಿ ಸೂಜಿ ಚುಚ್ಚಿದ ತೂತುಗಳು ಕಾಣುತ್ತವೆ. ಚಿತ್ರವನ್ನು ಇನ್ನೊಂದು ಹಾಳೆಗೆ ಇಳಿಸಲು ಆ ತೂತುಗಳ ಮೇಲೆ ಇದ್ದಿಲಪುಡಿ ತಟ್ಟುತ್ತಿದ್ದರು. ರಂಗೋಲಿಯ ತೂತಿನ ಹಾಳೆ ಬಳಸಿದವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ. ಕಾಗದವನ್ನು ನೇಕಾರರು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಮಗ್ಗದಲ್ಲಿಟ್ಟುಕೊಂಡಿದ್ದರಿಂದ, ಮತ್ತೆ ಜೋಡಿಸಿದ ಬೆಸುಗೆಗಳೂ ಮೇಲಿನಿಂದ ಕೆಳಗೆ ಓಡುತ್ತವೆ. ನೇಯುವುದು ಪರದೆಯ ಹಿಂಬದಿಯಿಂದಾದ್ದರಿಂದ ಇಡೀ ಚಿತ್ರ ಎಡಬಲ ತಿರುವುಮುರುವು. ಇದು ತಿಳಿದಿದ್ದರೆ ಎಡಗೈಯಲ್ಲಿ ಆಶೀರ್ವದಿಸುವವರನ್ನು ಕಂಡು ಫೋಟೋ ಎಡಬಲ ತಿರುವುಮುರುವಾಯಿತೇನೋ ಎಂದು ಗಾಬರಿ ಬೀಳುವುದಿಲ್ಲ.

ಬೆಳಕು ಇಲ್ಲಿ ಬೇಕೆಂದೇ ಮಂದ. ಕಾಗದ, ಬಟ್ಟೆ, ಜಲವರ್ಣದಂಥ ಬೇಗ ಮಾಸುವ ವಸ್ತುಗಳಿಗೆ ಸುಮಾರು 50 ಲಕ್ಸ್ (ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ 200 ಲಕ್ಸ್ ಆಸುಪಾಸು ಎಂಬುದು ಸಂರಕ್ಷಣೆಯವರು ಬಹುಕಾಲದಿಂದ ಪಾಲಿಸುವ ಲೆಕ್ಕ. 50 ಲಕ್ಸ್‌ನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/2.8ರಷ್ಟು ಅಗಲ ತೆರೆದು, ಬೆಳಕಿನ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಒವನ್ನು 3200ಕ್ಕೆ ಏರಿಸಿದರೆ ಷಟರ್ ತೆರೆದಿರುವ ಹೊತ್ತು 1/80 ಸೆಕೆಂಡ್ ಸಿಗುತ್ತದೆ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಉಸಿರು ಪೂರ್ತಿ ಬಿಟ್ಟು, ಒಂದರ ಹಿಂದೊಂದು ನಾಲ್ಕು ಫೋಟೋ ತೆಗೆದರೆ ಅದರಲ್ಲೊಂದಾದರೂ ಚೂಪಾಗಿ ಬಂದಿರುತ್ತದೆ. ಐಎಸ್‌ಒ ಏರಿಸಲು ಅಂಜಿ ಷಟರ್ ನಿಧಾನ ಮಾಡಬಾರದು. ಮರಳುಮರಳಾದ ಚಿತ್ರವನ್ನು ಸುಧಾರಿಸಬಹುದು, ಅಲುಗಿದ್ದನ್ನು ಸುಧಾರಿಸಲಾಗದು.

ಮಧ್ಯಾಹ್ನ ಟಿಪ್ಪುವಿನ ಹುಲಿಯ ಹತ್ತಿರ. ದಕ್ಷಿಣ ಏಷ್ಯಾ ಗ್ಯಾಲರಿಯಲ್ಲಿ ಅದರ ಗಾಜಿನ ಪೆಟ್ಟಿಗೆಯ ಸುತ್ತ ಯಾವಾಗಲೂ ಜನ. ಕೆತ್ತಿ ಬಣ್ಣ ಹಚ್ಚಿದ ಮರದ ಹುಲಿ, ಸುಮಾರು ಒಂದೂಮುಕ್ಕಾಲು ಮೀಟರ್ ಉದ್ದ, ಅಂಗಾತ ಬಿದ್ದ ಐರೋಪ್ಯ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿ ಹಡಗೇರಿದ್ದು. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಮ್ಯೂಸಿಯಂನಲ್ಲಿತ್ತು. ಆಗ ಬಂದವರೆಲ್ಲ ಹಿಡಿ ತಿರುಗಿಸಿ ಅದರ ಗರ್ಜನೆ ಕೇಳಬಹುದಿತ್ತು. ಕಾವೇರಿ ದಂಡೆಯಿಂದ ಬಂದವರಿಗೆ ಇದರ ಮುಂದೆ ಸುಮ್ಮನೆ ನಿಲ್ಲುವುದಕ್ಕೇ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಅವತ್ತು ಮೂವತ್ತು ಫೋಟೋ ತೆಗೆದದ್ದಾಯಿತು. ರಾತ್ರಿ ಕೋಣೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಬಹುಪಾಲು ಕೆಟ್ಟಿದ್ದವು. ಹುಲಿಯ ಮೈಮೇಲೆ ಕಲಾವಿದ ಬರೆದ ಪಟ್ಟೆಗಳಲ್ಲದೆ ಅಡ್ಡಡ್ಡ ಮಬ್ಬು ಪಟ್ಟೆಗಳು. ತಪ್ಪು ಕ್ಯಾಮೆರಾದ ಸೆಟ್ಟಿಂಗಿನದು. ಸದ್ದಾಗದಿರಲೆಂದು ಎಲೆಕ್ಟ್ರಾನಿಕ್ ಷಟರ್ ಹಾಕಿ ವೇಗ 1/200 ಇಟ್ಟಿತ್ತು. ಆ ಷಟರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಉರಿಯುವ ಎಷ್ಟೋ ಎಲ್‌ಇಡಿ ದೀಪಗಳು ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ ನೂರು ಸಲ ಮಂಕಾಗಿ ಬೆಳಗುತ್ತವೆ. ಮಂಕಾದ ಗಳಿಗೆಯಲ್ಲಿ ಓದಿದ ಸಾಲುಗಳೆಲ್ಲ ಕಪ್ಪು. ಮೆಕ್ಯಾನಿಕಲ್ ಷಟರ್ ಹಾಕಿ, ವೇಗವನ್ನು 1/100 ಅಥವಾ 1/50ಕ್ಕೆ ಕಟ್ಟಿಹಾಕಿದರೆ ಪ್ರತಿ ಸಾಲಿಗೂ ದೀಪದ ಪೂರ್ತಿ ಸುತ್ತು ಸಿಕ್ಕಿ ಪಟ್ಟೆ ಮಾಯ. ನಮ್ಮಲ್ಲೂ ವಿದ್ಯುತ್ತು 50 ಹರ್ಟ್ಜ್‌ನದೇ, ಹಾಗಾಗಿ ಊರಿನಲ್ಲೂ ಇದೇ ಲೆಕ್ಕ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಈ ಪಟ್ಟೆ ಕಾಣುವುದೇ ಇಲ್ಲ. ಮೊದಲ ಫೋಟೋ ತೆಗೆದ ಕೂಡಲೇ ದೊಡ್ಡದು ಮಾಡಿ ಗೋಡೆಯಂಥ ಸಪಾಟು ಜಾಗವನ್ನು ನೋಡಬೇಕು.

ಕೆಟ್ಟಿದ್ದು ರಾತ್ರಿ ಗೊತ್ತಾದದ್ದು, ಸಂಜೆ ಮಾತ್ರ ಸೊಗಸಾಗಿಯೇ ಕಳೆದಿತ್ತು. ಇಲ್ಲಿನ ಹಳೆಯ ಕೆಫೆಯ ಕೋಣೆಗಳೂ ಪ್ರದರ್ಶನದ ಭಾಗದಂತೆಯೇ ಇವೆ. ಹಸಿರು ಗೋಡೆಯ ಕೋಣೆ ವಿನ್ಯಾಸಕಾರ ವಿಲಿಯಂ ಮಾರಿಸ್‌ರ ಕಂಪನಿಯ ಕೆಲಸ. ಬಿಸಿ ಚಹಾ, ಜೊತೆಗೆ ಬೆಣ್ಣೆ ಜಾಮ್ ಹಚ್ಚಿದ ಸ್ಕೋನ್. ಮಳೆಯಲ್ಲಿ ನೆನೆದು ಬಂದವರಿಗೆ ಇದಕ್ಕಿಂತ ಬೇಕೆ? ಟೇಬಲ್ ಮೇಲೆ ಕ್ಯಾಮೆರಾ ಇಟ್ಟು ಬ್ಯಾಟರಿ ಬದಲಿಸಿಕೊಳ್ಳುವುದಕ್ಕೂ ಇದೇ ಜಾಗ.

ಎರಡನೇ ದಿನ, ಗುರುವಾರ: ಬ್ಲೂಮ್ಸ್‌ಬರಿ

ಬ್ರಿಟಿಷ್ ಮ್ಯೂಸಿಯಂನ ಮುಂಬಾಗಿಲು ಗ್ರೇಟ್ ರಸೆಲ್ ಸ್ಟ್ರೀಟಿನಲ್ಲಿ. ಬ್ಯಾಗ್ ತಪಾಸಣೆಯ ಸಾಲು ಅಲ್ಲಿ ಉದ್ದ. ಹಿಂಬದಿಯಲ್ಲಿ ಮಾಂಟೆಗ್ಯೂ ಪ್ಲೇಸ್‌ಗೆ ತೆರೆದುಕೊಳ್ಳುವ ಬಾಗಿಲಿದೆ, ಭಾರತದ ವಸ್ತುಗಳಿರುವ 33ನೇ ಕೋಣೆಗೂ ಅದೇ ಹತ್ತಿರ. ಚಕ್ರದ ಸೂಟ್‌ಕೇಸ್ ಇದ್ದರೆ ಒಳಗೆ ಬಿಡುವುದಿಲ್ಲ. ರೈಲಿಗೆ ಹೊರಟ ದಿನವೇ ಹೋಗಿ ನೋಡೋಣವೆಂದು ಲಗೇಜು ಎಳೆದುಕೊಂಡು ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ.

ನಡುವಿನ ಗ್ರೇಟ್ ಕೋರ್ಟ್ 2000ದಲ್ಲಿ ತೆರೆದದ್ದು. ಅದರ ಛಾವಣಿಗೆ 3,312 ಗಾಜಿನ ಫಲಕಗಳು. ಮೋಡ ಕವಿದ ದಿನ ಈ ಅಂಗಳಕ್ಕೆ ಬೀಳುವ ಬೆಳಕು ಹಾಲಿನಂತೆ ಹದವಾಗಿರುತ್ತದೆ, ಎಲ್ಲೂ ಗಡಸು ನೆರಳಿಲ್ಲ. ದಿನದ ಮೊದಲ ಫೋಟೋಗಳನ್ನು ಇಲ್ಲಿ ತೆಗೆದು ಸೆಟ್ಟಿಂಗುಗಳನ್ನೆಲ್ಲ ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು.

10ಎ ಕೋಣೆಯಲ್ಲಿ ಅಸ್ಸೀರಿಯಾದ ಸಿಂಹಬೇಟೆ. ಇಂದಿನ ಇರಾಕಿನ ಮೊಸುಲ್ ಪಕ್ಕದ ನಿನೆವೆಯಲ್ಲಿ ದೊರೆ ಅಶುರ್‌ಬನಿಪಾಲ್ ಕಟ್ಟಿಸಿದ ಉತ್ತರದ ಅರಮನೆಯ ಗೋಡೆಫಲಕಗಳಿವು, ಕಾಲ ಕ್ರಿ.ಪೂ. 645–635ರ ಸುಮಾರು. ಕಲ್ಲು ಜಿಪ್ಸಂ. ಬೇಲೂರು ಹಳೇಬೀಡುಗಳ ಆಳದ ಕೆತ್ತನೆಗೆ ಒಗ್ಗಿದ ಕಣ್ಣಿಗೆ ಇದು ಮೊದಲು ಚಪ್ಪಟೆ ಎನಿಸುತ್ತದೆ. ಕಲ್ಲಿನಿಂದ ಉಬ್ಬಿರುವುದು ತೀರಾ ಕೊಂಚ. ಎದುರು ನಿಂತು ತೆಗೆದ ಫೋಟೋದಲ್ಲಂತೂ ಪೂರ್ತಿ ಸಪ್ಪೆ.

ಇದಕ್ಕೆ ಮದ್ದು ಪಕ್ಕಕ್ಕೆ ಸರಿಯುವುದು. ದೀಪ ಮೇಲಿನಿಂದ ಇಳಿಯುವಾಗ ಸಿಂಹದ ಪಕ್ಕೆಲುಬಿನ ಕೆಳಗೆ, ಕೇಸರದ ಸುರುಳಿಗಳ ಕೆಳಗೆ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಫಲಕದ ಉದ್ದಕ್ಕೆ ಓರೆಯಾಗಿ, ಗೋಡೆಗೆ ಸಾಕಷ್ಟು ಹತ್ತಿರವಾಗಿ ನಿಂತರೆ ಆ ನೆರಳುಗಳು ಒಂದರ ಮೇಲೊಂದು ಸೇರಿ ಉಬ್ಬು ಎದ್ದು ಕಾಣುತ್ತದೆ. ಓರೆ ನಿಂತಾಗ ಹತ್ತಿರದ ಅಂಚಿಗೂ ದೂರದ ಅಂಚಿಗೂ ಅಂತರ ಹೆಚ್ಚುವುದರಿಂದ ಎಫ್/2.8 ಸಾಲದು, ಕಿಂಡಿ ಕಿರಿದು ಮಾಡಿ ಎಫ್/5.6 ಆದರೂ ಬೇಕು. ಫೋಕಸ್ ಸಿಂಹದ ಕಣ್ಣಿನ ಮೇಲೆ. ಕಲ್ಲಿನ ಬಣ್ಣ ತಿಳಿಯಾದ್ದರಿಂದ ಕ್ಯಾಮೆರಾ ತಾನಾಗಿ ಕಪ್ಪು ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಿದರೆ ಕಲ್ಲು ಕಲ್ಲಿನಂತೆ ಬರುತ್ತದೆ.

ಬೆನ್ನಿಗೆ ಬಾಣ ನೆಟ್ಟು ಹಿಂಗಾಲುಗಳು ಸತ್ತುಹೋದ ಸಿಂಹಿಣಿಯೊಂದು ಮುಂಗಾಲುಗಳ ಮೇಲೆ ಮೈ ಎಳೆದುಕೊಂಡು ಬಾಯಿ ತೆರೆದಿದೆ. ಅದರ ಮುಂದೆ ಮಡಚುವ ಸ್ಟೂಲ್ ಹಾಕಿಕೊಂಡು ವಯಸ್ಸಾದ ಹೆಂಗಸೊಬ್ಬರು ಪೆನ್ಸಿಲಿನಲ್ಲಿ ಪಂಜವೊಂದನ್ನು ಬಿಡಿಸುತ್ತಿದ್ದರು. ಮಾತಿಗೆಳೆದಾಗ, ಅರ್ಧ ಗಂಟೆಯಿಂದ ಆ ಒಂದು ಪಂಜದಲ್ಲೇ ಇದ್ದೇನೆ, ಮುಂಗಾಲು ನೆಲ ಒತ್ತುವ ಜಾಗ ಕೂತರೆ ಮಾತ್ರ ಕಾಣುತ್ತದೆ ಎಂದರು. ಅವರು ಹೇಳಿದಂತೆ ಮಂಡಿಯೂರಿ ಕೂತಾಗ ಅದುವರೆಗೆ ಕಣ್ಣಿಗೇ ಬೀಳದಿದ್ದ ಉಗುರುಗಳ ಬಿಗಿ, ಮೊಣಕಾಲ ಮೇಲಿನ ನರಗಳು ಸ್ಪಷ್ಟವಾದವು. ನಿಂತ ಎತ್ತರದಿಂದಲೇ ಎಲ್ಲ ಫೋಟೋ ತೆಗೆದು ಮುಗಿಸುವುದು ನಮ್ಮೆಲ್ಲರ ಅಭ್ಯಾಸ. ಪ್ರತಿ ಶಿಲ್ಪಕ್ಕೂ ಒಮ್ಮೆಯಾದರೂ ಮಂಡಿಯೂರಬೇಕು.

ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಕೆತ್ತಿದ ಈಜಿಪ್ಟಿನ ರೊಸೆಟ್ಟಾ ಶಿಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾಲ್ಕನೇ ಕೋಣೆ, ಗಾಜಿನ ಪೆಟ್ಟಿಗೆ, ಸುತ್ತ ಐದಾರು ಸಾಲು ಜನ, ಗಾಜಿನ ತುಂಬ ಬೆರಳಚ್ಚು. ಅಕ್ಷರಗಳನ್ನು ನೆಮ್ಮದಿಯಾಗಿ ನೋಡಬೇಕೆಂದರೆ ಒಂದನೇ ಕೋಣೆಯಲ್ಲಿ ಪ್ರತಿಕೃತಿ ಇದೆ. ಗಾಜಿಲ್ಲ, ಮುಟ್ಟಿಯೂ ನೋಡಬಹುದು, ಮೂರು ಲಿಪಿಗಳೂ ಒಂದೇ ಫ್ರೇಮಿನಲ್ಲಿ ಸ್ವಚ್ಛವಾಗಿ ಬರುತ್ತವೆ. ಪ್ರತಿಕೃತಿ ಎಂದು ಫೋಟೋದ ಹೆಸರಿನಲ್ಲೇ ಬರೆದಿಟ್ಟುಕೊಂಡರೆ ಆಯಿತು.

ಅಮರಾವತಿಯ ಕಲ್ಲುಗಳಿಗೆ ಉಳಿದ ಇಡೀ ಮಧ್ಯಾಹ್ನ. ಆಂಧ್ರದ ಕೃಷ್ಣಾ ತೀರದ ಸ್ತೂಪದಿಂದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ 1845ರಲ್ಲಿ ಅಗೆಸಿ ಮದ್ರಾಸಿಗೆ ತರಿಸಿದ್ದರು. 1859ರಲ್ಲಿ ಅವು ಲಂಡನ್ನಿಗೆ ಹೊರಟವು, 1880ರಲ್ಲಿ ಈ ಮ್ಯೂಸಿಯಂ ಸೇರಿದವು. ಇದೇ ಸ್ತೂಪದ ಇನ್ನೊಂದು ದೊಡ್ಡ ಪಾಲು ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿದೆ. ಇಲ್ಲಿ ತೆಗೆದ ಫೋಟೋಗಳಿಗೆ ಅಳತೆ, ಸಂಖ್ಯೆ ಸರಿಯಾಗಿ ಹಚ್ಚಿಟ್ಟರೆ ಮುಂದೊಂದು ದಿನ ಅಲ್ಲಿನ ಕಲ್ಲುಗಳ ಪಕ್ಕದಲ್ಲಿಟ್ಟು ನೋಡಬಹುದು. ಈ ಕೋಣೆಗೆ ಇಷ್ಟು ಹೊತ್ತು ಕೊಟ್ಟದ್ದು ಅದಕ್ಕೇ.

ಸುಣ್ಣಕಲ್ಲು ಗಾಳಿಯ ತೇವಕ್ಕೆ ಕೆಡುತ್ತದೆಂದು ಈ ಭಾಗವನ್ನು ಗಾಜಿನ ಗೋಡೆ ಹಾಕಿ ಬೇರೆ ಮಾಡಿ, ಒಳಗಿನ ಹವೆಯನ್ನು ಹತೋಟಿಯಲ್ಲಿಟ್ಟಿದ್ದಾರೆ. ಹೊರಗೆ ನಿಂತು ಗಾಜಿನ ಮೂಲಕ ತೆಗೆದರೆ ಹಿಂದಿನ ಗ್ಯಾಲರಿಯ ದೀಪಗಳೆಲ್ಲ ಕಲ್ಲಿನ ಮೇಲೆ ಬಂದು ಕೂರುತ್ತವೆ. ಬಾಗಿಲು ತೆರೆದಿದ್ದಾಗ ಒಳಗೆ ಹೋಗಿಯೇ ತೆಗೆಯಬೇಕು. ಇಲ್ಲಿರುವ ಒಂದು ಚಪ್ಪಡಿಗೆ ಕೆತ್ತನೆ ಎರಡೂ ಮುಖಕ್ಕಿದೆ. ಹಳೆಯ ಮುಖ ಕ್ರಿ.ಪೂ. ಒಂದನೇ ಶತಮಾನದ್ದು: ಬೋಧಿವೃಕ್ಷ, ಅದರಡಿ ಖಾಲಿ ಆಸನ, ಸುತ್ತ ಕೈಮುಗಿದವರು. ಬುದ್ಧನ ರೂಪ ಇಲ್ಲ. ಮುನ್ನೂರು ವರ್ಷ ಮಿಕ್ಕಿ ಕಳೆದ ಮೇಲೆ ಅದೇ ಕಲ್ಲನ್ನು ತಿರುಗಿಸಿ ಬೆನ್ನಿಗೆ ಸ್ತೂಪವನ್ನೇ ಕೆತ್ತಿದರು. ಒಂದೇ ಮುಖ ತೆಗೆದು ಬಂದರೆ ಅರ್ಧ ಕಥೆಯಷ್ಟೇ ಕೈಗೆ ಸಿಕ್ಕಂತೆ.

ಪ್ರತಿ ವಸ್ತುವಿಗೂ ಒಂದೇ ಕ್ರಮ. ಮೊದಲು ವಿವರದ ಲೇಬಲ್, ಆಮೇಲೆ ಪೂರ್ತಿ ವಸ್ತು, ಆಮೇಲೆ ಹತ್ತಿರದ ನೋಟಗಳು, ಕೊನೆಗೆ ಅದು ಕೋಣೆಯಲ್ಲಿ ಎಲ್ಲಿದೆ ಎಂದು ತೋರಿಸುವ ದೂರದ ಒಂದು ಫೋಟೋ. ಲೇಬಲ್ ಮೊದಲೇ ಇದ್ದರೆ ಸಾವಿರ ಫೋಟೋಗಳ ನಡುವೆ ಎಲ್ಲಿಂದ ಹೊಸ ವಸ್ತು ಶುರುವಾಯಿತೆಂದು ಕಣ್ಣು ಹಾಯಿಸಿದರೆ ಸಾಕು. ಲೇಬಲ್ ಬಿಳಿಯಾಗಿದ್ದರೆ ಇನ್ನೊಂದು ಲಾಭವಿದೆ: ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ಆ ಬಿಳಿಯನ್ನು ಒತ್ತಿ ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲ) ಸರಿಮಾಡಿ, ಅದನ್ನೇ ಆಮೇಲಿನ ಫೋಟೋಗಳಿಗೂ ಹಾಕಬಹುದು. ಲೇಬಲ್ಲಿಗೂ ವಸ್ತುವಿಗೂ ಒಂದೇ ದೀಪ ಬೀಳುತ್ತಿರಬೇಕು, ಅಷ್ಟೇ.

ಹೊರಬಂದಾಗ ಇನ್ನೂ ಐದು ಗಂಟೆ, ಆಗಲೇ ಕಗ್ಗತ್ತಲು. ಮಳೆ ನಿಂತು ಗಾಳಿ ಎದ್ದಿತ್ತು. ಓಣಿಯೊಂದರ ಸಣ್ಣ ಅಂಗಡಿಯಲ್ಲಿ ಸೊಪ್ಪಿನ ಬಿಸಿ ಸೂಪು, ಬೆಣ್ಣೆ ಸವರಿದ ಬ್ರೆಡ್ಡು.

ಮೂರನೇ ದಿನ, ಶುಕ್ರವಾರ: ಟ್ರಫಾಲ್ಗರ್ ಸ್ಕ್ವೇರ್

ನ್ಯಾಷನಲ್ ಗ್ಯಾಲರಿಯನ್ನು ಶುಕ್ರವಾರಕ್ಕೇ ಇಟ್ಟುಕೊಂಡದ್ದು, ಆ ದಿನ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆಂದು. ಉಳಿದ ದಿನ ಆರಕ್ಕೇ ಮುಚ್ಚುತ್ತದೆ. ವಿ ಅಂಡ್ ಎ ಶುಕ್ರವಾರ ಹತ್ತರವರೆಗೆ, ಬ್ರಿಟಿಷ್ ಮ್ಯೂಸಿಯಂ ಎಂಟೂವರೆವರೆಗೆ. ಮೂರಕ್ಕೂ ಒಂದೇ ಶುಕ್ರವಾರ, ಯಾವುದಕ್ಕೆಂದು ಮೊದಲೇ ಯೋಚಿಸಿಕೊಳ್ಳಬೇಕು. ನ್ಯಾಷನಲ್ ಗ್ಯಾಲರಿಯಲ್ಲಿ ಫೋಟೋಗೆ ಅನುಮತಿ ಸಿಕ್ಕಿದ್ದು 2014ರಲ್ಲಿ, ಅದಕ್ಕೆ ಮೊದಲು ಇರಲಿಲ್ಲ. ಫ್ಲ್ಯಾಶ್, ಟ್ರೈಪಾಡ್ ಈಗಲೂ ಇಲ್ಲ. ಎರವಲು ಬಂದ ಚಿತ್ರಗಳ ಪಕ್ಕ ಅಡ್ಡಗೆರೆ ಎಳೆದ ಕ್ಯಾಮೆರಾದ ಗುರುತು ಇರುತ್ತದೆ, ಅಲ್ಲಿ ಕ್ಯಾಮೆರಾ ಕೆಳಗೆ.

ಇಲ್ಲಿನ ಎಷ್ಟೋ ಕೋಣೆಗಳಿಗೆ ಛಾವಣಿಯಿಂದ ಹಗಲ ಬೆಳಕು ಇಳಿಯುತ್ತದೆ. ನವೆಂಬರಿನಲ್ಲಿ ಸೂರ್ಯ ನಾಲ್ಕೂಕಾಲಿಗೆ ಮುಳುಗುವುದರಿಂದ ಮೂರೂವರೆಯಿಂದ ನಾಲ್ಕೂವರೆ ತನಕ ಬೆಳಕಿನ ಬಣ್ಣ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ನೀಲಿ ಹಗಲು, ಹಳದಿ ದೀಪ ಎರಡೂ ಬೆರೆತ ಆ ಒಂದು ಗಂಟೆಯಲ್ಲಿ ತೆಗೆದ ಚಿತ್ರದ ಬಣ್ಣ ಸರಿಮಾಡುವುದು ಬಹಳ ಕಷ್ಟ. ಚಿತ್ರದ ಮೇಲ್ಭಾಗ ಒಂದು ಬಣ್ಣ, ಕೆಳಭಾಗ ಇನ್ನೊಂದು. ಆ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತು ಸುಮ್ಮನೆ ನೋಡುವುದು ಒಳ್ಳೆಯದು. ಬಣ್ಣ ನಿಖರವಾಗಿ ಬೇಕಾದ ಕೆಲಸ ಮಧ್ಯಾಹ್ನಕ್ಕೆ ಮುಂಚೆ, ಇಲ್ಲವೇ ಪೂರ್ತಿ ಕತ್ತಲಾದ ಮೇಲೆ.

ಹೋಲ್ಬೈನ್‌ನ ‘ರಾಯಭಾರಿಗಳು’ 1533ರ ಚಿತ್ರ. ಓಕ್ ಹಲಗೆಯ ಮೇಲೆ ತೈಲವರ್ಣ, 207 ಸೆಂ.ಮೀ. ಎತ್ತರ, 209.5 ಸೆಂ.ಮೀ. ಅಗಲ. ಇಬ್ಬರು ಯುವಕರು, ನಡುವಿನ ಕಪಾಟಿನಲ್ಲಿ ಗೋಲ, ಅಳತೆಯ ಉಪಕರಣಗಳು, ತಂತಿ ಹರಿದ ವೀಣೆಯಂಥ ವಾದ್ಯ. ಕೆಳಗೆ ನೆಲದ ಮೇಲೆ ಅಡ್ಡಡ್ಡ ಎಳೆದ ಬೂದು ಬಣ್ಣದ ಏನೋ ಒಂದು. ಚಿತ್ರದ ಬಲ ಅಂಚಿಗೆ ಹೋಗಿ, ಗೋಡೆಗೆ ಕೆನ್ನೆ ಹತ್ತಿರ ತಂದು ಎಡಕ್ಕೆ ಕೆಳಗೆ ಓರೆಗಣ್ಣಿನಲ್ಲಿ ನೋಡಿದರೆ ಅದು ತಲೆಬುರುಡೆ. ಇಡೀ ಚಿತ್ರ ಹಿಂಡಿಕೊಂಡು ಗೆರೆಯಾಗುವ ಹೊತ್ತಿಗೆ ಬುರುಡೆ ಒಂದೇ ನೆಟ್ಟಗೆ ಎದ್ದು ನಿಲ್ಲುತ್ತದೆ.

ಇದನ್ನು ಫೋಟೋದಲ್ಲಿ ಹಿಡಿಯುವುದು ತೋರಿದಷ್ಟು ಸುಲಭವಲ್ಲ. ಫೋನಿನ ಅಗಲದ ಲೆನ್ಸಿನಲ್ಲಿ ಬುರುಡೆ ಕಡಲೆಯಷ್ಟಾಗುತ್ತದೆ. ಎರಡು ಅಥವಾ ಮೂರು ಪಟ್ಟಿನ ಲೆನ್ಸ್ ಇದ್ದರೆ ಅದಕ್ಕೆ ಬದಲಿಸಬೇಕು, ಬೆರಳಲ್ಲಿ ಹಿಗ್ಗಿಸಬಾರದು. ಕ್ಯಾಮೆರಾದಲ್ಲಾದರೆ 70–85 ಮಿ.ಮೀ. ಇಷ್ಟು ಓರೆಯಲ್ಲಿ ಬುರುಡೆಯ ಒಂದು ತುದಿ ಹತ್ತಿರ, ಇನ್ನೊಂದು ದೂರ. ಎಫ್/8ಕ್ಕೆ ಇಳಿಸದಿದ್ದರೆ ಹಲ್ಲು ಚೂಪಾದರೆ ನೆತ್ತಿ ಮಸುಕು. ಎಫ್/8, 1/50, ಐಎಸ್‌ಒ 4000: ತೈಲವರ್ಣದ ಕೋಣೆಯಲ್ಲಿ ಇದು ಸರಿಹೊಂದಿತು. ಕಟ್ಟಿದ ಹಗ್ಗದಾಚೆ ಕೈ ಚಾಚಬಾರದು. ಜಾಗಕ್ಕಾಗಿ ಬಾಗುವವರನ್ನು ಕಂಡ ಸಿಬ್ಬಂದಿಯೊಬ್ಬರು ತಾವೇ ಬಂದು, ಹಗ್ಗದ ಈಚೆಗೇ ಯಾವ ಕಡೆ ನಿಂತರೆ ಬುರುಡೆ ಪೂರ್ತಿ ಮೂಡುತ್ತದೆಂದು ನೆಲದ ಹಲಗೆ ತೋರಿಸಿಕೊಟ್ಟರು. ದಿನಗಟ್ಟಲೆ ಒಂದೇ ಕೋಣೆಯಲ್ಲಿ ನಿಲ್ಲುವ ಇವರಿಗೆ ಯಾವ ಹೊತ್ತಿಗೆ ಯಾವ ಚಿತ್ರದ ಮೇಲೆ ಯಾವ ದೀಪ ಮಿಂಚುತ್ತದೆಂದು ಗೊತ್ತಿರುತ್ತದೆ. ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ವಾನ್ ಐಕ್‌ನ ಆರ್ನೋಲ್ಫಿನಿ ದಂಪತಿಯ ಚಿತ್ರ, 1434ರದು, 82 ಸೆಂ.ಮೀ. ಎತ್ತರ ಮಾತ್ರ. ಹಿಂದಿನ ಗೋಡೆಯ ಉಬ್ಬುಗನ್ನಡಿಯ ಸುತ್ತ ಹತ್ತು ಪುಟಾಣಿ ಚಿತ್ರಗಳಿವೆ, ಕನ್ನಡಿಯೊಳಗೆ ಬಾಗಿಲಲ್ಲಿ ನಿಂತ ಇನ್ನಿಬ್ಬರು. ಇದರ ಮುಂದೆ ಜನ ತೆರಪಾಗುವುದು ಸಂಜೆ ಏಳರ ಮೇಲೆ.

ಆದರೆ ಆ ದಿನದ ಬಹುಪಾಲು ಸಮಯ ತೆಗೆದುಕೊಂಡದ್ದು ಅದಕ್ಕಿಂತಲೂ ಚಿಕ್ಕದಾದ ವಿಲ್ಟನ್ ಡಿಪ್ಟಿಕ್. 1395–99ರ ಸುಮಾರಿನಲ್ಲಿ ರಾಜ ಎರಡನೇ ರಿಚರ್ಡ್‌ಗಾಗಿ ಮಾಡಿದ್ದು. ಪುಸ್ತಕದಂತೆ ಮಡಚುವ ಎರಡು ಹಲಗೆ. ಒಂದರಲ್ಲಿ ಮಂಡಿಯೂರಿದ ರಾಜ, ಇನ್ನೊಂದರಲ್ಲಿ ಮೇರಿ, ಮಗು, ಹನ್ನೊಂದು ದೇವದೂತರು. ಹಿನ್ನೆಲೆ ಪೂರ್ತಿ ಚಿನ್ನದ ರೇಕು, ಅದರ ಮೇಲೆ ಮೊನೆಯಿಂದ ಒತ್ತಿದ ಸಾವಿರಾರು ಚುಕ್ಕೆಗಳ ಕುಸುರಿ.

ಚಿನ್ನ ಕನ್ನಡಿಯಂತೆಯೇ. ಎದುರಿನಲ್ಲಿ ಕತ್ತಲಿದ್ದರೆ ಕಪ್ಪಗೆ, ದೀಪವಿದ್ದರೆ ಬೆಳ್ಳಗೆ. ನಡುವೆ ಎಲ್ಲೋ ಒಂದು ಕಡೆ ಮಾತ್ರ ಚಿನ್ನ ಚಿನ್ನವಾಗಿ ಕಾಣುತ್ತದೆ. ಎಡದಿಂದ ಬಲಕ್ಕೆ ಅಂಗುಲ ಅಂಗುಲ ಸರಿಯುತ್ತ ಹೋದಾಗ ಒಂದು ಜಾಗದಲ್ಲಿ ಚುಕ್ಕೆಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅಲ್ಲೇ ನಿಂತು, ಎಕ್ಸ್‌ಪೋಶರನ್ನು ಮೂರನೇ ಎರಡು ಸ್ಟಾಪ್ ಇಳಿಸಿ ಒಂದು. ಆಮೇಲೆ ಚಿನ್ನ ಕಪ್ಪಾಗುವ ಕಡೆ ನಿಂತು ಮುಖಗಳಿಗೆಂದು ಇನ್ನೊಂದು. ಎರಡೂ ಒಂದೇ ಫೋಟೋದಲ್ಲಿ ಬರಲಿ ಎಂಬ ಆಸೆ ಬಿಡಬೇಕು. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಎಂಬ ಫಿಲ್ಟರ್‌ನಿಂದಲೂ ಇಲ್ಲಿ ಹೆಚ್ಚು ಉಪಯೋಗವಿಲ್ಲ. ಅದು ಗಾಜಿನ ಪ್ರತಿಬಿಂಬವನ್ನು ಚೆನ್ನಾಗಿ ಅಳಿಸುವುದು ನೇರ ನೋಟದಿಂದ ಸುಮಾರು 56 ಡಿಗ್ರಿ ಓರೆಯಾದಾಗ, ಎದುರು ನಿಂತರೆ ಇಲ್ಲವೇ ಇಲ್ಲ, ಲೋಹದ ಹೊಳಪನ್ನಂತೂ ಮುಟ್ಟುವುದೇ ಇಲ್ಲ. ಮೇಲಾಗಿ ಇರುವ ಬೆಳಕಿನಲ್ಲೂ ಒಂದೂವರೆಯಿಂದ ಎರಡು ಸ್ಟಾಪ್ ನುಂಗುತ್ತದೆ.

ದೇವದೂತರೊಬ್ಬರು ಹಿಡಿದ ಧ್ವಜದ ಕೋಲಿನ ತುದಿಯಲ್ಲೊಂದು ಗುಂಡು, ಒಂದು ಸೆಂಟಿಮೀಟರ್ ಅಗಲದ್ದು. 1990ರ ದಶಕದ ಆರಂಭದಲ್ಲಿ ಚಿತ್ರವನ್ನು ಶುಚಿಗೊಳಿಸಿ ಪರೀಕ್ಷಿಸುವಾಗ ಅದರೊಳಗೆ ಒಂದು ಹಸಿರು ದ್ವೀಪ, ಮರಗಳು, ಬಿಳಿ ಕೋಟೆ, ಸುತ್ತ ಬೆಳ್ಳಿಯ ಕಡಲು, ಕಡಲಲ್ಲೊಂದು ಹಡಗು ಕಂಡವು. ಬರಿಗಣ್ಣಿಗೆ ಬೂದು ಬೊಟ್ಟು. 100 ಮಿ.ಮೀ. ಮ್ಯಾಕ್ರೊ ಲೆನ್ಸಿಗೆ ರಬ್ಬರಿನ ಹುಡ್ ಹಾಕಿ ಗಾಜಿನಿಂದ ಕೂದಲೆಳೆ ಈಚೆಗೆ ನಿಲ್ಲಿಸಿ, ಫೋಕಸ್ ಬಿಂದು ಒಂದನ್ನೇ ಬಳಸಿ, ಇಪ್ಪತ್ತು ಫೋಟೋ ತೆಗೆದಾಗ ಎರಡರಲ್ಲಿ ದ್ವೀಪದ ಅಂಚು ಸಿಕ್ಕಿತು. ಉಳಿದ ಹದಿನೆಂಟರಲ್ಲಿ ಫೋಕಸ್ ಬಿದ್ದದ್ದು ಗಾಜಿನ ಮೇಲಿನ ಧೂಳಿಗೆ.

ಮುಚ್ಚುವ ಮುನ್ನ ಲಿಯೊನಾರ್ಡೊನ ಇದ್ದಿಲು ಸೀಮೆಸುಣ್ಣದ ದೊಡ್ಡ ಕರಡು. ಬೆಳಕು ಎಷ್ಟು ಮಂದವೆಂದರೆ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಫೋಟೋ ತೆಗೆಯದೆ ನೋಡಿಬಂದದ್ದಾಯಿತು. ಹೊರಗೆ ಚೌಕದ ಕಾರಂಜಿಗಳ ನೀರು ಗಾಳಿಗೆ ಮುಖಕ್ಕೇ ಹಾರುತ್ತಿತ್ತು.

ನಾಲ್ಕನೇ ದಿನ, ಶನಿವಾರ: ಮತ್ತೆ ಹುಲಿಯ ಬಳಿಗೆ

ಬೇರೆ ಮ್ಯೂಸಿಯಂಗೆ ಹೋಗಬೇಕಾಗಿದ್ದ ದಿನ. ಪಟ್ಟೆ ಬಿದ್ದ ಫೋಟೋಗಳನ್ನು ಹಾಗೇ ಬಿಟ್ಟು ಊರಿಗೆ ಮರಳುವ ಮನಸ್ಸಾಗಲಿಲ್ಲ. ವಿ ಅಂಡ್ ಎ ಬಾಗಿಲು ತೆರೆಯುವುದು ಹತ್ತಕ್ಕೆ. ಅರ್ಧ ಗಂಟೆ ಮೊದಲೇ ಸ್ಟೇಷನ್ ತಲುಪಿ, ಕ್ಯಾಮೆರಾವನ್ನು ಕೋಟಿನೊಳಗೆ ಮೈಗಂಟಿಸಿಕೊಂಡರೆ ಅದು ಅಷ್ಟರಲ್ಲೇ ಬೆಚ್ಚಗಾಗಿ, ಒಳಗೆ ಆವಿ ಕಟ್ಟುವುದಿಲ್ಲ. ಶನಿವಾರವಾದರೂ ಮೊದಲ ಇಪ್ಪತ್ತು ನಿಮಿಷ ಗ್ಯಾಲರಿ ಹೆಚ್ಚುಕಡಿಮೆ ಖಾಲಿ. ಜನ ಮೊದಲು ಅಂಗಡಿ, ಕೆಫೆ, ವಿಶೇಷ ಪ್ರದರ್ಶನಗಳತ್ತ ಹೋಗುತ್ತಾರೆ.

ಈ ಸಲ ಜೊತೆಗಿದ್ದದ್ದು ಎರಡು ಅಡಿ ಚೌಕದ ಕಪ್ಪು ಹತ್ತಿ ಬಟ್ಟೆ, ನಡುವೆ ಲೆನ್ಸ್ ತೂರುವಷ್ಟು ತೂತು. ಹೊಳೆಯುವ ಬಟ್ಟೆಯಾದರೆ ಪ್ರಯೋಜನವಿಲ್ಲ. ಮೊದಲು ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿ, ಗಾಜಿಗೆ ಒತ್ತದೆ ಮುಂದೆ ಹಿಡಿದುಕೊಳ್ಳಲು ಒಪ್ಪಿಗೆ ಪಡೆದದ್ದು. ಬಟ್ಟೆ ಹಿಡಿಯಲು ಇನ್ನೊಬ್ಬರು ಬೇಕು. ಬಟ್ಟೆಯ ಕಪ್ಪೇ ಗಾಜಿನಲ್ಲಿ ಮೂಡುವುದರಿಂದ ಹಿಂದಿನ ದೀಪಗಳ ಚುಕ್ಕೆಗಳೆಲ್ಲ ಅಳಿಸಿಹೋಗಿ, ಗಾಜೇ ಇಲ್ಲವೇನೋ ಎನ್ನುವಂತೆ ಮರದ ಬಣ್ಣ ಮುಂದೆ ಬಂತು. ಮೆಕ್ಯಾನಿಕಲ್ ಷಟರ್, 1/50, ಎಫ್/5.6. ಮೊದಲ ಫೋಟೋ ಹಿಗ್ಗಿಸಿ ನೋಡಿದಾಗ ಪಟ್ಟೆಯ ಸುಳಿವಿಲ್ಲ.

ಪಕ್ಕದಿಂದ ಪೂರ್ತಿ ಹುಲಿ. ಹುಲಿಯ ತಲೆ ಒಂದು ಎತ್ತರದಲ್ಲಿದ್ದರೆ ಸಿಪಾಯಿಯ ಮುಖ ಅದಕ್ಕಿಂತ ಕೆಳಗೆ. ಎರಡೂ ಸರಿಯಾಗಿ ಕಾಣುವುದು ಮಂಡಿಯೂರಿದಾಗಲೇ. ಆಮೇಲೆ ಬಾಯಿ: ಮೇಲ್ದವಡೆಯ ಹಲ್ಲುಗಳು ಕುತ್ತಿಗೆಗೆ ಇಳಿದ ಜಾಗ. ಆಮೇಲೆ ಸಿಪಾಯಿ ತನ್ನ ಬಾಯಿಯ ಹತ್ತಿರಕ್ಕೆ ಎತ್ತಿದ ಎಡಗೈ, ಹಿಡಿ ತಿರುಗಿಸಿದಾಗ ಮೇಲೆ ಕೆಳಗೆ ಆಡುತ್ತಿದ್ದದ್ದು ಅದೇ. ಹುಲಿಯ ಪಕ್ಕೆಯಲ್ಲಿ ಮುಚ್ಚಳ, ಅದರ ಹಿಂದೆ ಹದಿನೆಂಟು ಸ್ವರಗಳ ಪುಟ್ಟ ಆರ್ಗನ್. ಎರಡನೇ ಮಹಾಯುದ್ಧದಲ್ಲಿ ಛಾವಣಿ ಕುಸಿದು ಹುಲಿ ಚೂರಾಗಿತ್ತು, ಯುದ್ಧ ಮುಗಿದ ಮೇಲೆ ಜೋಡಿಸಿದರು. ಅದಕ್ಕೇ ಮರದ ಬೆಸುಗೆಗಳನ್ನೂ ಹುಡುಕಿ ಹತ್ತಿರದಿಂದ ತೆಗೆದದ್ದು.

ಹತ್ತೂಮುಕ್ಕಾಲಿಗೆ ಶಾಲೆಯ ವಯಸ್ಸಿನ ಐದಾರು ಮಕ್ಕಳು ದೊಡ್ಡವರ ಜೊತೆ ಬಂದು ಪೆಟ್ಟಿಗೆಯ ಸುತ್ತ ನೆಲದ ಮೇಲೆ ಕೂತರು. ಕಪ್ಪು ಬಟ್ಟೆ ಮಡಚಿ ಜಾಗ ಬಿಟ್ಟುಕೊಟ್ಟದ್ದಾಯಿತು. ಉಳಿದಿದ್ದದ್ದು ಲೇಬಲ್ಲಿನ ಸಂಖ್ಯೆ. ಬುಧವಾರದ ಫೋಟೋದಲ್ಲಿ ಅದೂ ಪಟ್ಟೆಯಡಿ ಮುಚ್ಚಿಹೋಗಿತ್ತು. ಮಕ್ಕಳ ತಲೆಗಳ ಮೇಲಿನಿಂದ ಅದನ್ನೊಂದು ತೆಗೆದು, ನೋಟ್‌ಬುಕ್ಕಿನಲ್ಲೂ ಬರೆದುಕೊಂಡದ್ದು: 2545 (ಐಎಸ್).